ಕರುಳಿನ ಉರಿಯೂತ ಇರುವವರು ನೋವಿನ ಮಾತ್ರೆ ನುಂಗುವ ಮುನ್ನ



ಮಂಡಿ ನೋವು, ಸೊಂಟ ನೋವು, ಹಲ್ಲು ನೋವು ಬಂದಾಗ ನಮ್ಮಲ್ಲಿ ಹೆಚ್ಚಿನವರು ವೈದ್ಯರ ಬಳಿ ಹೋಗುವುದಿಲ್ಲ. ಔಷಧಿ ಅಂಗಡಿಯ ಮುಂದೆ ನಿಂತು "ನೋವಿಗೆ ಎರಡು ಮಾತ್ರೆ ಕೊಡಿ" ಅನ್ನುತ್ತೇವೆ. ಅಂಗಡಿಯವರು ಕೊಟ್ಟದ್ದನ್ನು ನುಂಗುತ್ತೇವೆ. ಬಹಳ ಮಂದಿಗೆ ಅದರಿಂದ ದೊಡ್ಡ ತೊಂದರೆ ಆಗುವುದಿಲ್ಲ. ಆದರೆ ಕರುಳಿನ ಉರಿಯೂತ ರೋಗ ಇರುವವರಿಗೆ ಅದೇ ಎರಡು ಮಾತ್ರೆ ದುಬಾರಿಯಾಗಬಹುದು.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರಿಗೆ ಹೀಗಾಯಿತು. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ ಹತೋಟಿಗೆ ಬಂದು ಮೂರು ವರ್ಷವಾಗಿತ್ತು. ಮಂಡಿ ನೋವಿಗೆಂದು ಊರಿನ ಅಂಗಡಿಯಿಂದ ಮಾತ್ರೆ ತಂದು ವಾರ ಕಾಲ ನುಂಗಿದರು. ಜೊತೆಗೆ ಗ್ಯಾಸಿನ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದ ಕಾರಣ ಭಯವಿಲ್ಲ ಅಂದುಕೊಂಡಿದ್ದರು. ಎಂಟನೆಯ ದಿನ ಮಲದಲ್ಲಿ ರಕ್ತ ಕಾಣಿಸಿತು. ಕರುಳಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ಗಡಿಯ ಆಚೆ, ಮಾತ್ರೆ ಕೊಟ್ಟ ಅಂಗಡಿ ಗಡಿಯ ಈಚೆ. ವೈದ್ಯರಿಗೆ ಮಂಡಿ ನೋವಿನ ವಿಷಯ ಗೊತ್ತಿರಲಿಲ್ಲ, ಅಂಗಡಿಯವರಿಗೆ ಕರುಳಿನ ವಿಷಯ ಗೊತ್ತಿರಲಿಲ್ಲ. ಮಾತ್ರೆಯಿಂದಲೇ ಹೀಗಾಯಿತು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ, ಆದರೆ ಕೇಳದೆ ನುಂಗಬಾರದಿತ್ತು ಎಂದು ವೈದ್ಯರು ಹೇಳಿದರಂತೆ. ಅವರು ಈಗ ಚೇತರಿಸಿಕೊಂಡಿದ್ದಾರೆ. "ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ" ಎಂದು ಅವರು ಅಂದ ಮಾತಿಗಾಗಿ ಈ ಲೇಖನ.

ನಾವು ವೈದ್ಯರಲ್ಲ. ವೈದ್ಯಶಾಸ್ತ್ರದಲ್ಲಿ ತಿಳಿದಿರುವ ವಿಷಯವನ್ನು ನಮ್ಮ ಮಾತಿನಲ್ಲಿ ಒಂದೆಡೆ ಕೂಡಿಸಿದ್ದೇವೆ. ಇದನ್ನು ಓದಿ ನಿಮ್ಮ ವೈದ್ಯರಲ್ಲಿ ಸರಿಯಾದ ಪ್ರಶ್ನೆ ಕೇಳುವಂತಾದರೆ ನಮ್ಮ ಉದ್ದೇಶ ಈಡೇರಿದಂತೆ.

ಯಾವ ರೋಗದ ಮಾತು ಇದು

ಕರುಳಿನ ಉರಿಯೂತ ರೋಗವೆಂದರೆ ಮುಖ್ಯವಾಗಿ ಎರಡು ಕಾಯಿಲೆಗಳು. ಒಂದು ಅಲ್ಸರೇಟಿವ್ ಕೊಲೈಟಿಸ್. ಇದು ದೊಡ್ಡ ಕರುಳಿನ ಒಳಪದರಕ್ಕೆ ಮಾತ್ರ ಬರುವುದು. ಗುದನಾಳದಿಂದ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ರಕ್ತ, ಸಿಂಬಳದಂತಹ ಲೋಳೆ ಬೆರೆತ ಭೇದಿ ಇದರ ಮುಖ್ಯ ಲಕ್ಷಣ. ಇನ್ನೊಂದು ಕ್ರೋನ್ಸ್ ಕಾಯಿಲೆ. ಇದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೆಚ್ಚು. ಕರುಳಿನ ಗೋಡೆಯ ಆಳಕ್ಕೂ ಇಳಿಯುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಬರಿಲ್ ಕ್ರೋನ್ ಮತ್ತು ಜೊತೆಗಾರ ವೈದ್ಯರು 1932ರಲ್ಲಿ ಇದನ್ನು ವಿವರಿಸಿ ಬರೆದರು, ಆ ಹೆಸರೇ ಉಳಿದಿದೆ.

ಎರಡೂ ವರ್ಷಗಟ್ಟಲೆ ಇರುವ ಕಾಯಿಲೆಗಳು. ಕೆಲವು ಕಾಲ ತಣ್ಣಗಿದ್ದು ಮತ್ತೆ ಕೆರಳುತ್ತವೆ. ಕೆರಳುವುದನ್ನು ತಡೆಯುವುದೇ ಚಿಕಿತ್ಸೆಯ ದೊಡ್ಡ ಭಾಗ.

ಇದನ್ನು ಬೇರೆ ಕಾಯಿಲೆಗಳ ಜೊತೆ ಬೆರೆಸಬಾರದು. ಐಬಿಎಸ್ ಎಂದು ವೈದ್ಯರು ಬರೆಯುವ ಹೊಟ್ಟೆ ತೊಂದರೆ ಬೇರೆ, ಐಬಿಡಿ ಎಂದು ಬರೆಯುವ ಈ ಉರಿಯೂತ ಬೇರೆ. ಒಂದೇ ಅಕ್ಷರದ ವ್ಯತ್ಯಾಸವಾದರೂ ಮೊದಲನೆಯದರಲ್ಲಿ ಕರುಳಿನಲ್ಲಿ ಹುಣ್ಣು ಇರುವುದಿಲ್ಲ. ಮೂಲವ್ಯಾಧಿ, ಆಮಶಂಕೆ ಕೂಡ ಬೇರೆ. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯಂತೆಯೇ ಕಾಣಿಸಿಕೊಳ್ಳುವುದುಂಟು. ಹಾಗಾಗಿ ನಿಮ್ಮ ಚೀಟಿಯಲ್ಲಿ ಯಾವ ಹೆಸರು ಬರೆದಿದೆ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

ಯಾವ ಮಾತ್ರೆಗಳ ಮಾತು ಇದು

ನೋವಿನ ಮಾತ್ರೆಗಳೆಲ್ಲ ಒಂದೇ ಜಾತಿಯವಲ್ಲ. ನೋವಿನ ಜೊತೆಗೆ ಊತವನ್ನೂ ಇಳಿಸುವ ಒಂದು ಗುಂಪಿದೆ. ಸ್ಟೀರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು ಎಂದು ಅದನ್ನು ಕರೆಯುತ್ತಾರೆ, ವೈದ್ಯರ ಮಾತಿನಲ್ಲಿ ಎನ್‌ಎಸ್‌ಎಐಡಿ. ಎಚ್ಚರ ಬೇಕಾದದ್ದು ಈ ಗುಂಪಿನ ಬಗ್ಗೆ. ನಮ್ಮ ಅಂಗಡಿಗಳಲ್ಲಿ ಸಿಗುವ ಮುಖ್ಯ ಹೆಸರುಗಳು ಇವು:

ಐಬುಪ್ರೊಫೆನ್: ಬ್ರೂಫೆನ್ ಮಾತ್ರೆಯಲ್ಲಿ ಇರುವುದು ಇದು.
ಡೈಕ್ಲೋಫೆನಾಕ್: ವೋವೆರಾನ್ ಮಾತ್ರೆ ಮತ್ತು ಇಂಜೆಕ್ಷನ್.
ಅಸೆಕ್ಲೋಫೆನಾಕ್: ಜೆರೊಡಾಲ್.
ನ್ಯಾಪ್ರಾಕ್ಸೆನ್: ನ್ಯಾಪ್ರೊಸಿನ್.
ಪೈರಾಕ್ಸಿಕ್ಯಾಮ್: ಡೋಲೋನೆಕ್ಸ್.
ಕೆಟೊರೊಲಾಕ್: ಹಲ್ಲು ನೋವಿಗೆ ಕೊಡುವ ಕೆಟೊರಾಲ್.
ಮೆಫೆನಾಮಿಕ್ ಆಮ್ಲ: ಮೆಫ್ಟಾಲ್, ಮೆಫ್ಟಾಲ್ ಸ್ಪಾಸ್.
ಇಂಡೊಮೆಥಾಸಿನ್, ನಿಮೆಸುಲೈಡ್ ಮತ್ತು ನೋವಿನ ಪ್ರಮಾಣದ ಆಸ್ಪಿರಿನ್ ಕೂಡ ಇದೇ ಗುಂಪಿನವು. ಡಿಸ್ಪ್ರಿನ್ ಎಂದರೆ ಆಸ್ಪಿರಿನ್.

ಸೆಲೆಕಾಕ್ಸಿಬ್, ಎಟೊರಿಕಾಕ್ಸಿಬ್ ಎಂಬ ಎರಡು ಇದೇ ಗುಂಪಿನ ಒಳಪಂಗಡ. ಅವುಗಳ ವಿಷಯ ಮುಂದೆ ಬರುತ್ತದೆ.

ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರಿದ್ದಲ್ಲ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಂಬ ಹೆಸರಿನ ಸಾದಾ ಜ್ವರದ ಮಾತ್ರೆಗಳಲ್ಲಿ ಇರುವುದು ಪ್ಯಾರಾಸಿಟಮಾಲ್.

ಇಲ್ಲಿ ಎರಡು ಕಡೆ ಮೋಸ ಹೋಗುವುದುಂಟು. ಮೊದಲನೆಯದು ಮಿಶ್ರ ಮಾತ್ರೆ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಇದೆ, ಜೊತೆಗೆ ಐಬುಪ್ರೊಫೆನ್ ಕೂಡ ಇದೆ. ಜೆರೊಡಾಲ್ ಪಿ ಎಂಬುದರ ಪಿ ಅಕ್ಷರ ಪ್ಯಾರಾಸಿಟಮಾಲ್ ಎಂದು ಸೂಚಿಸುತ್ತದೆ ನಿಜ, ಆದರೆ ಅದರಲ್ಲಿ ಅಸೆಕ್ಲೋಫೆನಾಕ್ ಇದ್ದೇ ಇದೆ. "ಇದರಲ್ಲಿ ಪ್ಯಾರಾಸಿಟಮಾಲ್ ಇದೆಯಲ್ಲ" ಎಂಬ ಸಮಾಧಾನ ಸಾಲದು. ಮತ್ತೇನಿದೆ ಎಂದು ಕೇಳಬೇಕು. ಎರಡನೆಯದು ಹೆಸರಿನ ಹೋಲಿಕೆ. ಡೋಲೋ ಬೇರೆ, ಡೋಲೋನೆಕ್ಸ್ ಬೇರೆ. ಮೊದಲನೆಯದು ಪ್ಯಾರಾಸಿಟಮಾಲ್, ಎರಡನೆಯದು ಪೈರಾಕ್ಸಿಕ್ಯಾಮ್. ಕಂಪನಿಯ ಹೆಸರು ಹಲವು, ಒಳಗಿನ ಔಷಧಿ ಒಂದೇ. ಆದ್ದರಿಂದ ಒಳಗಿನ ಔಷಧಿಯ ಹೆಸರನ್ನೇ ನೆನಪಿಡಬೇಕು. ಅದು ಪಟ್ಟಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಾದರೂ ಅಚ್ಚಾಗಿರುತ್ತದೆ. ಒಂದೆರಡು ಮಾತ್ರೆಯಷ್ಟೇ ಕತ್ತರಿಸಿ ಕೊಟ್ಟರೆ ಆ ಹೆಸರು ಕಾಣದೆ ಹೋಗುತ್ತದೆ. ಹೆಸರು ಇರುವ ತುಂಡನ್ನೇ ಕೇಳಿ ಪಡೆಯಿರಿ.

ಕೆಲವು ಅಂಗಡಿಗಳಲ್ಲಿ ಮೂರು ನಾಲ್ಕು ಬಣ್ಣದ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಒಂದೊಂದು ಹೊತ್ತಿಗೆ ಒಂದೊಂದು ಪೊಟ್ಟಣ ಎಂದು ಕೊಡುವ ರೂಢಿಯಿದೆ. ಅದರಲ್ಲಿ ನೋವಿನ ಮಾತ್ರೆ ಇರಬಹುದು, ಸ್ಟೀರಾಯ್ಡ್ ಕೂಡ ಇರಬಹುದು. ಇವೆರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರುವ ಅಪಾಯ ಒಂದೊಂದರಿಂದ ಬರುವುದಕ್ಕಿಂತ ಬಹಳ ಹೆಚ್ಚು. ಹೆಸರಿಲ್ಲದ ಪೊಟ್ಟಣ, ಲೇಬಲ್ ಇಲ್ಲದ ಕೀಲುನೋವಿನ ಪುಡಿ, ಇವನ್ನು ಕರುಳಿನ ಕಾಯಿಲೆ ಇರುವವರು ಮುಟ್ಟಲೇಬಾರದು.

ಮಾತ್ರೆ ಕರುಳಿಗೆ ಏನು ಮಾಡುತ್ತದೆ

ನಮ್ಮ ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಪೆಟ್ಟು ಬಿದ್ದ ಕಡೆ ನೋವು, ಊತ, ಬಿಸಿ ಉಂಟುಮಾಡುವುದು ಇವೇ. ಆದರೆ ಜಠರ ಮತ್ತು ಕರುಳಿನಲ್ಲಿ ಇವುಗಳದು ಕಾವಲು ಕೆಲಸ. ಒಳಪದರದ ಮೇಲೆ ಲೋಳೆಯ ಹೊದಿಕೆ ಹರಡುವುದು, ಅಲ್ಲಿಗೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದು, ಸಣ್ಣಪುಟ್ಟ ಗಾಯ ಮಾಯಲು ನೆರವಾಗುವುದು ಇವುಗಳ ಹೊಣೆ.

ಆಸ್ಪಿರಿನ್ ಮತ್ತು ಅದರ ಬಳಗದ ಮಾತ್ರೆಗಳು ಈ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತವೆ ಎಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ಈ ಬಗೆಯ ಸಂಶೋಧನೆಗಾಗಿ 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಹುಮಾನ ಬಂತು. ಮಾತ್ರೆ ನುಂಗಿದಾಗ ಮಂಡಿಯ ನೋವು ಕಡಿಮೆಯಾಗುವುದೂ ಹೊಟ್ಟೆಯ ಕಾವಲು ತೆಳುವಾಗುವುದೂ ಒಂದೇ ಕಾರಣದಿಂದ. ಆರೋಗ್ಯವಂತರ ಕರುಳು ಅದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಮೊದಲೇ ಉರಿಯೂತದಿಂದ ಜರ್ಜರಿತವಾಗಿ ಈಗಷ್ಟೇ ಮಾಯುತ್ತಿರುವ ಕರುಳಿಗೆ ತಾಳಿಕೊಳ್ಳುವ ಶಕ್ತಿ ಕಡಿಮೆ.

ಇಲ್ಲಿ ಮೂರು ತಪ್ಪು ನಂಬಿಕೆಗಳನ್ನು ಬಿಡಿಸಿ ಹೇಳಬೇಕು.

ಒಂದು, "ಜೊತೆಗೆ ಗ್ಯಾಸಿನ ಮಾತ್ರೆ ನುಂಗಿದರೆ ಸಾಕು." ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದವು ಜಠರದ ಆಮ್ಲವನ್ನು ತಗ್ಗಿಸುತ್ತವೆ. ಜಠರ ಮತ್ತು ಅದಕ್ಕೆ ತಾಗಿದ ಸಣ್ಣ ಕರುಳಿನ ಮೊದಲ ಭಾಗಕ್ಕೆ ರಕ್ಷಣೆ ಕೊಡುತ್ತವೆ. ಅದರ ಕೆಳಗಿನ ಕರುಳಿಗೆ ಆ ರಕ್ಷಣೆ ಇಲ್ಲ. ಕರುಳಿನ ಉರಿಯೂತ ಇರುವುದು ಹೆಚ್ಚಾಗಿ ಆ ಕೆಳಗಿನ ಭಾಗದಲ್ಲಿಯೇ.

ಎರಡು, "ಇಂಜೆಕ್ಷನ್ ಹಾಕಿಸಿಕೊಂಡರೆ ಹೊಟ್ಟೆಗೆ ಹೋಗುವುದಿಲ್ಲ." ಔಷಧಿ ರಕ್ತದ ಮೂಲಕವೇ ಕೆಲಸ ಮಾಡುವುದು. ಡೈಕ್ಲೋಫೆನಾಕ್, ಇಂಡೊಮೆಥಾಸಿನ್ ಮುಂತಾದವು ಯಕೃತ್ತಿನಿಂದ ಪಿತ್ತರಸದ ಜೊತೆ ಮತ್ತೆ ಕರುಳಿಗೆ ಇಳಿಯುತ್ತವೆ, ಅಲ್ಲಿಂದ ಹೀರಲ್ಪಟ್ಟು ಮತ್ತೆ ಯಕೃತ್ತಿಗೆ ಹೋಗುತ್ತವೆ. ಹೀಗೆ ಹಲವು ಸುತ್ತು ತಿರುಗುತ್ತವೆ. ಸೊಂಟಕ್ಕೆ ಹಾಕಿಸಿಕೊಂಡ ಸೂಜಿಯ ಔಷಧಿಯೂ ಕೊನೆಗೆ ಕರುಳನ್ನು ಮುಟ್ಟುತ್ತದೆ.

ಮೂರು, "ಊಟ ಮಾಡಿ ನುಂಗಿದರೆ ಏನೂ ಆಗುವುದಿಲ್ಲ." ಊಟದ ನಂತರ ನುಂಗಿದರೆ ಎದೆ ಉರಿ ಕಡಿಮೆಯಾಗಬಹುದು. ಮೇಲೆ ಹೇಳಿದ ಕೆಲಸ ನಿಲ್ಲುವುದಿಲ್ಲ.

ಇನ್ನೊಂದು ವಿಷಯ. ಕರುಳಿನ ಕಾಯಿಲೆಯೇ ಇಲ್ಲದವರಲ್ಲಿಯೂ ಈ ಮಾತ್ರೆಗಳಿಂದ ಸಣ್ಣ ಕರುಳಿನಲ್ಲಿ ಹುಣ್ಣುಗಳಾಗುವುದುಂಟು. ಕೊಲೊನೋಸ್ಕೋಪಿ ಮಾಡುವಾಗ ಅವು ಕ್ರೋನ್ಸ್ ಹುಣ್ಣಿನಂತೆಯೇ ಕಾಣಬಹುದು. ಹಾಗಾಗಿ ಪರೀಕ್ಷೆಗೆ ಮೊದಲು "ಇತ್ತೀಚೆಗೆ ನೋವಿನ ಮಾತ್ರೆ ನುಂಗಿದ್ದೇನೆ" ಎಂದು ವೈದ್ಯರಿಗೆ ಹೇಳಲೇಬೇಕು. ಹೇಳದಿದ್ದರೆ ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರುವಾಗುವ ಸಂಭವವಿದೆ.

ಅಧ್ಯಯನಗಳು ಏನು ಹೇಳುತ್ತವೆ

2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಯಿಲೆ ತಣ್ಣಗಿದ್ದ ರೋಗಿಗಳಿಗೆ ನ್ಯಾಪ್ರಾಕ್ಸೆನ್, ಡೈಕ್ಲೋಫೆನಾಕ್, ಇಂಡೊಮೆಥಾಸಿನ್ ಅಥವಾ ಪ್ಯಾರಾಸಿಟಮಾಲ್ ಕೊಟ್ಟು ನೋಡಿದರು. ಉರಿಯೂತ ನಿವಾರಕ ಪಡೆದ ಗುಂಪುಗಳಲ್ಲಿ ನೂರಕ್ಕೆ 17ರಿಂದ 28 ಮಂದಿಗೆ 9 ದಿನಗಳೊಳಗೆ ಕಾಯಿಲೆ ಮರುಕಳಿಸಿತು. ಪ್ಯಾರಾಸಿಟಮಾಲ್ ಪಡೆದವರಲ್ಲಿ ಹಾಗೆ ಬೇಗ ಮರುಕಳಿಸಲಿಲ್ಲ.

ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ಕೊಲೈಟಿಸ್ ತಣ್ಣಗಿದ್ದ 222 ಮಂದಿಯಲ್ಲಿ ಒಂದು ಭಾಗಕ್ಕೆ ಸೆಲೆಕಾಕ್ಸಿಬ್, ಇನ್ನೊಂದು ಭಾಗಕ್ಕೆ ಔಷಧಿಯಿಲ್ಲದ ಹುಸಿ ಮಾತ್ರೆ 14 ದಿನ ಕೊಟ್ಟರು. ಕೆರಳಿದ್ದು ನೂರಕ್ಕೆ 3 ಮತ್ತು 4. ಅಂದರೆ ವ್ಯತ್ಯಾಸವೇ ಕಾಣಲಿಲ್ಲ. ಈ ಒಳಪಂಗಡದ ಮಾತ್ರೆಗಳು ಕರುಳಿನ ಕಾವಲಿನ ಕಿಣ್ವವನ್ನು ಹೆಚ್ಚು ಮುಟ್ಟದೆ ಊತದ ಕಿಣ್ವವನ್ನೇ ಹೆಚ್ಚು ತಡೆಯುತ್ತವೆ. ಅದಕ್ಕಾಗಿಯೇ ಕಾಯಿಲೆ ಪೂರ್ಣ ಹತೋಟಿಯಲ್ಲಿದ್ದು ನೋವಿನ ಮಾತ್ರೆ ಬೇಕೇಬೇಕು ಅನ್ನಿಸಿದಾಗ ಕೆಲವು ವೈದ್ಯರು ಕೆಲವೇ ದಿನಗಳಿಗೆ ಇದನ್ನು ಬರೆದುಕೊಡುವುದುಂಟು. ಆದರೆ 14 ದಿನದ ಫಲಿತಾಂಶವನ್ನು ತಿಂಗಳುಗಟ್ಟಲೆ ನುಂಗಲು ಸಿಕ್ಕ ಅನುಮತಿ ಎಂದು ಓದಬಾರದು. ಈ ಒಳಪಂಗಡಕ್ಕೆ ಹೃದಯದ ಅಪಾಯವೂ ಇದೆ. ಇದೇ ಬಗೆಯ ರೋಫೆಕಾಕ್ಸಿಬ್ ಎಂಬ ಔಷಧಿಯನ್ನು ಹೃದಯಾಘಾತದ ಕಾರಣದಿಂದ 2004ರಲ್ಲಿ ಪ್ರಪಂಚದಾದ್ಯಂತ ಹಿಂತೆಗೆದುಕೊಂಡರು. ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು ತಾವಾಗಿ ಇದನ್ನು ಕೊಳ್ಳಲೇಬಾರದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ. ಕೆಲವದರಲ್ಲಿ ನೋವಿನ ಮಾತ್ರೆಗೂ ಕಾಯಿಲೆ ಕೆರಳುವುದಕ್ಕೂ ಸ್ಪಷ್ಟ ಸಂಬಂಧ ಕಂಡುಬಂದಿಲ್ಲ. ಒಂದು ಮಾತ್ರೆ ನುಂಗಿದವರೆಲ್ಲ ಆಸ್ಪತ್ರೆ ಸೇರುವುದಿಲ್ಲ. ತಿಳಿಯದೆ ಒಂದೆರಡು ನುಂಗಿದ್ದರೆ ಗಾಬರಿಪಟ್ಟು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಆದರೆ ಯಾರಿಗೆ ಕೆರಳುತ್ತದೆ, ಯಾರಿಗೆ ಇಲ್ಲ ಎಂದು ಮೊದಲೇ ತಿಳಿಯುವ ಉಪಾಯವಿಲ್ಲ. ಅದಕ್ಕಾಗಿ ಕರುಳಿನ ವೈದ್ಯರು ಸಾಮಾನ್ಯವಾಗಿ ಕೊಡುವ ಸಲಹೆ ಇಷ್ಟು: ಸಾಧ್ಯವಾದಷ್ಟು ತಪ್ಪಿಸಿ, ಬೇರೆ ದಾರಿಯಿಲ್ಲದಿದ್ದರೆ ಕೇಳಿ, ಕಡಿಮೆ ಪ್ರಮಾಣ, ಕಡಿಮೆ ದಿನ.

ಹಾಗಾದರೆ ನೋವಿಗೆ ಏನು ಮಾಡುವುದು

ನೋವನ್ನು ಸುಮ್ಮನೆ ತಡೆದುಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಹೇಳುವುದೂ ತಪ್ಪು. ಒಂದೊಂದಾಗಿ ನೋಡೋಣ.

ಕೀಲು ಮತ್ತು ಸೊಂಟದ ನೋವು: ಇದನ್ನು ಮೊದಲು ಹೇಳಲು ಕಾರಣವಿದೆ. ಕರುಳಿನ ಉರಿಯೂತ ಇರುವವರಲ್ಲಿ ಕರುಳಿನ ಹೊರಗೆ ಕಾಣಿಸುವ ತೊಂದರೆಗಳಲ್ಲಿ ಕೀಲುನೋವು ಬಹಳ ಸಾಮಾನ್ಯ. ಮಂಡಿ, ಪಾದದ ಗಂಟು ಮುಂತಾದ ದೊಡ್ಡ ಕೀಲುಗಳು ಊದಿಕೊಂಡರೆ ಅದು ಅನೇಕ ಸಲ ಕರುಳಿನ ಕಾಯಿಲೆ ಕೆರಳುತ್ತಿರುವುದರ ಸೂಚನೆ. ಕರುಳನ್ನು ಹತೋಟಿಗೆ ತಂದರೆ ಕೀಲೂ ಇಳಿಯುತ್ತದೆ. ಬೆಳಗ್ಗೆ ಎದ್ದಾಗ ಸೊಂಟ ಹಿಡಿದುಕೊಂಡು, ಓಡಾಡಿದ ಮೇಲೆ ಸಡಿಲವಾಗುವ ನೋವು ಬೆನ್ನುಮೂಳೆಯ ಉರಿಯೂತವಿರಬಹುದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಸಲ್ಫಾಸಲಜೀನ್ ಎಂಬ ಹಳೆಯ ಔಷಧಿಯನ್ನು ಸ್ವೀಡನ್ನಿನಲ್ಲಿ ಕೀಲುವಾತವನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದ್ದು, ಆಮೇಲೆ ಅದು ಕೊಲೈಟಿಸ್‌ಗೂ ಮದ್ದಾಯಿತು. ಆದ್ದರಿಂದ ಕೀಲುನೋವನ್ನು ವಯಸ್ಸಿನ ನೋವು ಎಂದು ತಳ್ಳಿಹಾಕಿ ಅಂಗಡಿಗೆ ಹೋಗುವ ಬದಲು ಕರುಳಿನ ವೈದ್ಯರಿಗೇ ಹೇಳಿ. ಒಂದೇ ಔಷಧಿಯಿಂದ ಎರಡೂ ಇಳಿಯುವ ಸಾಧ್ಯತೆ ಇದೆ.

ಸಾದಾ ನೋವು, ತಲೆನೋವು, ಜ್ವರ: ಮೊದಲ ಆಯ್ಕೆ ಪ್ಯಾರಾಸಿಟಮಾಲ್. ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 500 ಮಿಲಿಗ್ರಾಂನಿಂದ 1 ಗ್ರಾಂ, ಎರಡು ಸಲದ ನಡುವೆ 4ರಿಂದ 6 ಗಂಟೆ ಅಂತರ, 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು. ಇದು ಮೇಲಿನ ಮಿತಿ, ದಿನವೂ ತಲುಪಬೇಕಾದ ಗುರಿಯಲ್ಲ. ತೂಕ 50 ಕಿಲೋಗಿಂತ ಕಡಿಮೆ ಇರುವವರು, ತೀರ ವಯಸ್ಸಾದವರು, ಯಕೃತ್ತಿನ ತೊಂದರೆ ಇರುವವರು, ಮದ್ಯಪಾನದ ಅಭ್ಯಾಸವಿರುವವರು ಇದಕ್ಕಿಂತ ಕಡಿಮೆಯಲ್ಲೇ ನಿಲ್ಲಬೇಕು, ಎಷ್ಟು ಎಂದು ವೈದ್ಯರಲ್ಲಿ ಕೇಳಬೇಕು. ನೆಗಡಿಯ ಮಾತ್ರೆಗಳಲ್ಲಿಯೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ನುಂಗಿದರೆ ಲೆಕ್ಕ ಕೂಡಿಸಬೇಕು.

ಡೆಂಗ್ಯೂ, ಚಿಕುನ್‌ಗುನ್ಯಾ ಕಾಲದ ಮೈಕೈ ನೋವು: 2006ರ ಸುಮಾರಿಗೆ ಚಿಕುನ್‌ಗುನ್ಯಾ ಬಂದಾಗ ತಿಂಗಳುಗಟ್ಟಲೆ ಕೀಲು ಹಿಡಿದು ನರಳಿದ್ದು ನಮ್ಮ ಅನೇಕ ಊರುಗಳಿಗೆ ನೆನಪಿದೆ. ಆಗ ನೋವಿನ ಮಾತ್ರೆ ಕೈಗೆ ಸಿಕ್ಕಷ್ಟು ನುಂಗಿದವರೂ ಇದ್ದರು. ಜ್ವರ ಡೆಂಗ್ಯೂ ಅಲ್ಲ ಎಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಯಾರೂ ತೆಗೆದುಕೊಳ್ಳಬಾರದು, ರಕ್ತಸ್ರಾವದ ಅಪಾಯವಿದೆ. ಕರುಳಿನ ಕಾಯಿಲೆ ಇದ್ದರೆ ಈ ಎಚ್ಚರ ಎರಡು ಪಟ್ಟು.

ಒಂದೆರಡು ಕಡೆ ಮಾತ್ರ ಇರುವ ಮೈ ನೋವು: ಬಿಸಿನೀರಿನ ಶಾಖ, ವಿಶ್ರಾಂತಿ, ವ್ಯಾಯಾಮ ಚಿಕಿತ್ಸೆ ಮೊದಲು. ಡೈಕ್ಲೋಫೆನಾಕ್ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವ ಪ್ರಮಾಣ ಮಾತ್ರೆಗಿಂತ ಬಹಳ ಕಡಿಮೆ. ಆದರೂ ಇಡೀ ಮೈಗೆ ದಿನವೂ ಬಳಿದುಕೊಳ್ಳುವುದು ಬೇಡ.

ಮುಟ್ಟಿನ ನೋವು: ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇದು ಮುಖ್ಯ. ಕರುಳಿನ ಉರಿಯೂತ ಹದಿಹರೆಯದಲ್ಲಿ, ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಶುರುವಾಗುವುದು ಹೆಚ್ಚು. ಮುಟ್ಟಿನ ನೋವಿಗೆ ಎಲ್ಲೆಡೆ ಕೊಡುವ ಮೆಫೆನಾಮಿಕ್ ಆಮ್ಲ ತಾನೇ ಭೇದಿ ಉಂಟುಮಾಡಬಲ್ಲದು. ಕರುಳಿನ ಉರಿಯೂತ ಇರುವವರಿಗೆ ಅದನ್ನು ಕೊಡಬಾರದು. ಹೊಟ್ಟೆಯ ಮೇಲೆ ಶಾಖ, ಪ್ಯಾರಾಸಿಟಮಾಲ್ ಸಾಲದಿದ್ದರೆ ಸ್ತ್ರೀರೋಗ ವೈದ್ಯರನ್ನು ಕಂಡು ಕರುಳಿನ ವಿಷಯ ಹೇಳಿ ಬೇರೆ ದಾರಿ ಕೇಳಬೇಕು. ಸಂಕೋಚದಿಂದ ಮಗಳು ಹೇಳದೆ ನುಂಗುವಂತಾಗಬಾರದು.

ಹಲ್ಲು ನೋವು, ಶಸ್ತ್ರಚಿಕಿತ್ಸೆಯ ನಂತರದ ನೋವು: ದಂತವೈದ್ಯರು, ಶಸ್ತ್ರವೈದ್ಯರು ಕೇಳದಿದ್ದರೂ ಮೊದಲೇ ನಾವೇ ಹೇಳಬೇಕು.

ಹೊಟ್ಟೆ ನೋವು: ಇದಕ್ಕೆ ನೋವಿನ ಮಾತ್ರೆ ಉತ್ತರವೇ ಅಲ್ಲ. ಕ್ರೋನ್ಸ್ ಇರುವವರಿಗೆ ಹೊಸದಾಗಿ ಹೊಟ್ಟೆ ನೋವು, ವಾಂತಿ, ಹೊಟ್ಟೆ ಉಬ್ಬರ ಬಂದರೆ ಕರುಳು ಕಟ್ಟಿಕೊಂಡಿರಬಹುದು ಅಥವಾ ಕೀವು ತುಂಬಿರಬಹುದು. ನೋವನ್ನು ಮುಚ್ಚಿಡದೆ ತೋರಿಸಬೇಕು. ಟ್ರಮಡಾಲ್‌ನಂತಹ ಬಲವಾದ ಮಾತ್ರೆಗಳು ಕರುಳಿನ ಚಲನೆಯನ್ನೇ ನಿಧಾನಗೊಳಿಸುತ್ತವೆ, ಅಭ್ಯಾಸವೂ ಹತ್ತುತ್ತದೆ. ತೀವ್ರ ಕೊಲೈಟಿಸ್ ಇರುವಾಗ ಇವು, ಹಾಗೆಯೇ ಭೇದಿ ಕಟ್ಟುವ ಲೋಪೆರಮೈಡ್, ದೊಡ್ಡ ಕರುಳು ಅಪಾಯಕರವಾಗಿ ಉಬ್ಬಲು ಕಾರಣವಾಗಬಹುದು. ವೈದ್ಯರು ಹೇಳದೆ ಬೇಡ.

ಭೇದಿ ಜೋರಾಗಿದ್ದಾಗ ಮೂತ್ರಪಿಂಡದ ಯೋಚನೆಯೂ ಇರಲಿ. ಮೈಯಲ್ಲಿ ನೀರು ಕಡಿಮೆಯಾದಾಗ ನೋವಿನ ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆ, ನೀರಿನ ಮಾತ್ರೆ ಜೊತೆಗಿದ್ದರೆ ಇನ್ನೂ ಹೆಚ್ಚು.

ನಿಲ್ಲಿಸಬಾರದ ಮಾತ್ರೆಗಳು

ಇಂತಹ ಲೇಖನ ಓದಿ ಕೆಲವರು ಬೇಕಾದ ಮಾತ್ರೆಯನ್ನೂ ನಿಲ್ಲಿಸುವ ಭಯವಿದೆ. ಆದ್ದರಿಂದ ಒತ್ತಿ ಹೇಳುತ್ತೇವೆ.

ಮೆಸಲಮೀನ್, ಸಲ್ಫಾಸಲಜೀನ್ ಕರುಳಿನ ಉರಿಯೂತದ ಔಷಧಿಗಳು. ಮೆಸಲಮೀನ್ ಆಸ್ಪಿರಿನ್ನಿನ ದೂರದ ನೆಂಟನಾದರೂ ನೋವಿನ ಮಾತ್ರೆಯಲ್ಲ. ಕಾಯಿಲೆಯನ್ನು ತಣ್ಣಗಿಡುವುದು ಅದೇ. ನಿಲ್ಲಿಸಬೇಡಿ.

ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ವೈದ್ಯರು ಬರೆದುಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಬೇರೆ ಲೆಕ್ಕ. ಪ್ರಮಾಣ ಬಹಳ ಕಡಿಮೆ, ಪ್ರಾಣ ಕಾಯುವ ಕೆಲಸ ಮಾಡುತ್ತದೆ. ಇಬ್ಬರು ವೈದ್ಯರಿಗೂ ತಿಳಿಸಿ, ಆದರೆ ತಾವಾಗಿ ನಿಲ್ಲಿಸಬೇಡಿ.

ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದ್ದರೆ ಅದನ್ನು ಹಠಾತ್ತನೆ ಬಿಡಬಾರದು, ಹಂತಹಂತವಾಗಿಯೇ ಇಳಿಸಬೇಕು.

ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ನೋವಿನ ಮಾತ್ರೆ ಸೇರಿಸುವ ಮುನ್ನ ಕಡ್ಡಾಯವಾಗಿ ಕೇಳಬೇಕು.

ಗಡಿ ಊರಿನವರ ತೊಂದರೆ ಮತ್ತು ಒಂದು ಹಾಳೆಯ ಉಪಾಯ

ನಮ್ಮದು ಎರಡು ಕಡೆಗೆ ಓಡಾಡುವ ಬದುಕು. ಕಾಸರಗೋಡಿನವರು ದೊಡ್ಡ ಚಿಕಿತ್ಸೆಗೆ ಮಂಗಳೂರಿಗೆ ಹೋಗುತ್ತೇವೆ, ರಾಯದುರ್ಗದವರು ಬಳ್ಳಾರಿಗೆ, ಜತ್ತದವರು ವಿಜಯಪುರಕ್ಕೋ ಸಾಂಗಲಿಗೋ, ತಾಳವಾಡಿಯವರು ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೋ ಕಲಬುರಗಿಗೋ. ದೊಡ್ಡ ವೈದ್ಯರು ಒಂದು ರಾಜ್ಯದಲ್ಲಿ, ದಿನನಿತ್ಯದ ಅಂಗಡಿ ಇನ್ನೊಂದು ರಾಜ್ಯದಲ್ಲಿ. ಒಬ್ಬರ ಚೀಟಿ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ಇಬ್ಬರನ್ನೂ ಬಲ್ಲವರು ರೋಗಿ ಒಬ್ಬರೇ. ಕಡತದಲ್ಲಿ ಬರೆಯದ ವಿಷಯ ಕಚೇರಿಗೆ ಗೊತ್ತೇ ಇರುವುದಿಲ್ಲ. ಆಸ್ಪತ್ರೆಯಲ್ಲಿಯೂ ಹಾಗೆಯೇ.

ಆದ್ದರಿಂದ ಒಂದು ಹಾಳೆ ಮಾಡಿಟ್ಟುಕೊಳ್ಳಿ. ಅದರಲ್ಲಿ ಇಷ್ಟು ಬರೆಯಿರಿ: ಕಾಯಿಲೆಯ ಹೆಸರು ಮತ್ತು ಪತ್ತೆಯಾದ ವರ್ಷ, ಈಗ ನಡೆಯುತ್ತಿರುವ ಔಷಧಿಗಳ ಒಳಹೆಸರು ಮತ್ತು ಪ್ರಮಾಣ, ಬೇರೆ ಕಾಯಿಲೆಗಳು, ಯಾವ ಮಾತ್ರೆಯಿಂದ ತೊಂದರೆಯಾಗಿತ್ತು, ಚಿಕಿತ್ಸೆ ಕೊಡುವ ವೈದ್ಯರ ದೂರವಾಣಿ. ಮೇಲ್ಭಾಗದಲ್ಲಿ ದೊಡ್ಡದಾಗಿ "ಐಬಿಡಿ ಇದೆ, ಎನ್‌ಎಸ್‌ಎಐಡಿ ಕೊಡುವ ಮುನ್ನ ಕೇಳಿ" ಎಂದು ಇಂಗ್ಲಿಷಿನಲ್ಲಿ ವೈದ್ಯರಿಂದಲೇ ಬರೆಸಿಕೊಳ್ಳಿ. ಅದರ ಚಿತ್ರ ಫೋನಿನಲ್ಲಿರಲಿ, ಮನೆಯ ಇನ್ನೊಬ್ಬರ ಫೋನಿನಲ್ಲಿಯೂ ಇರಲಿ.

ಅಂಗಡಿಯಲ್ಲಿ ಕನ್ನಡ ತಿಳಿಯದಿದ್ದರೆ ಈ ಮಾತುಗಳು ಸಾಕು. ಅರ್ಥ: ನನಗೆ ಕರುಳಿನ ಕಾಯಿಲೆ ಇದೆ, ನೋವಿನ ಮಾತ್ರೆ ಆಗುವುದಿಲ್ಲ.

ಮಲಯಾಳದಲ್ಲಿ: ಎನಿಕ್ಕ್ ಕುಡಲಿಲ್ ವ್ರಣಮುಂಡ್, ವೇದನಯುಡೆ ಗುಳಿಗ ಪಟ್ಟಿಲ್ಲ.
ತಮಿಳಿನಲ್ಲಿ: ಎನಕ್ಕು ಕುಡಲಿಲ್ ಪುಣ್ ಇರುಕ್ಕು, ವಲಿ ಮಾತ್ತಿರೈ ಒತ್ತುಕ್ಕಾದು.
ಮರಾಠಿಯಲ್ಲಿ: ಮಲಾ ಆತಡ್ಯಾಂಚಾ ಆಜಾರ ಆಹೇ, ದುಖಣ್ಯಾಚ್ಯಾ ಗೋಳ್ಯಾ ಚಾಲತ ನಾಹೀತ.
ತೆಲುಗಿನಲ್ಲಿ: ನಾಕು ಪೇಗುಲ್ಲೋ ಪುಂಡು ಉಂದಿ, ನೊಪ್ಪಿ ಮಾತ್ರಲು ಪಡವು.

ಯಾವಾಗ ಕಾಯಬಾರದು

ಈಗಾಗಲೇ ನೋವಿನ ಮಾತ್ರೆ ನುಂಗುತ್ತಿದ್ದು ಹೊಟ್ಟೆಯಲ್ಲಿ ವ್ಯತ್ಯಾಸ ಕಂಡರೆ ಆ ಮಾತ್ರೆಯನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಎಂದು ಶುರು ಮಾಡಿದಿರಿ, ಎಷ್ಟು ನುಂಗಿದಿರಿ ಎಂದು ಬರೆದಿಟ್ಟು ಖಾಲಿ ಪಟ್ಟಿಯನ್ನೂ ಒಯ್ಯಿರಿ.

ಕೆಳಗಿನ ಲಕ್ಷಣಗಳಿದ್ದರೆ ನಾಳೆಗೆ ಎಂದು ಮುಂದೂಡದೆ ಆಸ್ಪತ್ರೆಗೆ ಹೋಗಬೇಕು:

24 ಗಂಟೆಯಲ್ಲಿ 6 ಅಥವಾ ಹೆಚ್ಚು ಸಲ ರಕ್ತ ಬೆರೆತ ಭೇದಿ, ಜೊತೆಗೆ ಜ್ವರ ಅಥವಾ ನಿಮಿಷಕ್ಕೆ 90 ದಾಟಿದ ನಾಡಿ. ತೀವ್ರ ಕೊಲೈಟಿಸ್ ಗುರುತಿಸಲು ಆಕ್ಸ್‌ಫರ್ಡಿನ ಇಬ್ಬರು ವೈದ್ಯರು 1955ರಲ್ಲಿ ಹಾಕಿಕೊಟ್ಟ ಅಳತೆಯಲ್ಲಿ ಇವು ಸೇರಿವೆ, ಇಂದಿಗೂ ಬಳಕೆಯಲ್ಲಿದೆ.
ಡಾಂಬರಿನಂತೆ ಕಪ್ಪಾದ ಮಲ ಅಥವಾ ರಕ್ತವಾಂತಿ.
ಹೊಟ್ಟೆ ಉಬ್ಬಿ ಗಟ್ಟಿಯಾಗುವುದು, ಮುಟ್ಟಿದರೆ ತಡೆಯಲಾಗದ ನೋವು.
ಗಾಳಿ ಮಲ ಎರಡೂ ನಿಂತು ವಾಂತಿಯಾಗುವುದು.
ತಲೆ ಸುತ್ತಿ ಬೀಳುವುದು, ಮೂತ್ರ ಬಹಳ ಕಡಿಮೆಯಾಗುವುದು.

ಕೊನೆಯದಾಗಿ

ಇಷ್ಟನ್ನೂ ನೆನಪಿಡಲು ಆಗದಿದ್ದರೆ ನಾಲ್ಕು ಮಾತು ಸಾಕು. ಮಾತ್ರೆಯ ಒಳಹೆಸರು ಓದಿ. ಮೊದಲು ಪ್ಯಾರಾಸಿಟಮಾಲ್. ಕೀಲುನೋವನ್ನು ಕರುಳಿನ ವೈದ್ಯರಿಗೆ ಹೇಳಿ. ಕಾಯಿಲೆಯ ಔಷಧಿ ಬಿಡಬೇಡಿ.

ಈ ಕಾಯಿಲೆಯ ಬಗ್ಗೆ ಜನ ಬಾಯಿ ಬಿಡುವುದಿಲ್ಲ. ಭೇದಿ, ರಕ್ತ ಎಂದು ನಾಲ್ಕು ಜನರ ಮುಂದೆ ಹೇಳಲು ನಾಚಿಕೆ. ಆ ಮೌನದಿಂದಲೇ ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಮಾತ್ರೆ ಹೊಟ್ಟೆ ಸೇರುತ್ತದೆ. ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಇದನ್ನು ಅವರಿಗೆ ಓದಿ ಹೇಳಿ. ಕನ್ನಡ ಓದಲು ಬಾರದ ಮಕ್ಕಳಿದ್ದರೆ ಬಾಯಿಮಾತಿನಲ್ಲೇ ತಿಳಿಸಿ. ಮುಂದಿನ ಸಭೆಗೆ ಬರುವಾಗ ನಿಮ್ಮ ಹಾಳೆ ತನ್ನಿ, ಬರೆಯಲು ನೆರವು ಬೇಕಾದವರಿಗೆ ನಾವು ಕುಳಿತು ಬರೆದುಕೊಡುತ್ತೇವೆ.

ಕಾರ್ಯದರ್ಶಿ
ಸಂಘದ ಪರವಾಗಿ